ಅರಿವಳಿಕೆ ತಜ್ಞರಾಗಬೇಕಾ, ಸರ್ಜನ್ ಆಗಬೇಕಾ, ಐಸಿಯು ಸೇರಬೇಕಾ? ಆರಿಸುವ ಮುಂಚೆ ನೋಡಬೇಕಾದದ್ದು

ಸ್ಪೆಷಾಲಿಟಿ ಆರಿಸಿಕೊಳ್ಳುವ ಹೊತ್ತು ಬಂದಾಗ ಅರಿವಳಿಕೆ (ಅನಸ್ತೇಶಿಯಾ) ವಿಭಾಗದ ಬಗ್ಗೆ ಎರಡು ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. "ಆರಾಮದ ಬ್ರಾಂಚ್, ಇಂಜೆಕ್ಷನ್ ಕೊಟ್ಟು ಕೂತರಾಯ್ತು" ಅನ್ನುವುದು ಒಂದು. "ಹೆಸರು ಬರಲ್ಲ, ರೋಗಿಗೆ ನಿಮ್ಮ ಮುಖವೂ ನೆನಪಿರಲ್ಲ" ಅನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಬಹುಮಟ್ಟಿಗೆ ನಿಜ. ಆ ಸುಳ್ಳನ್ನು ನಂಬಿ ಈ ಕಡೆ ಬಂದವರಿದ್ದಾರೆ, ಆ ನಿಜಕ್ಕೆ ಹೆದರಿ ದೂರ ಹೋದವರೂ ಇದ್ದಾರೆ. ಇಬ್ಬರ ಬಗ್ಗೆಯೂ ನನಗೆ ಬೇಸರವಿದೆ. ಜೀವನವಿಡೀ ಮಾಡಬೇಕಾದ ಕೆಲಸವನ್ನು ಯಾರೋ ಆಡಿದ ಮಾತಿನ ಮೇಲೆ ಆರಿಸಬಾರದು.

ಹಾಗಾದರೆ ಯಾವುದರ ಮೇಲೆ ಆರಿಸಬೇಕು? ಸಂಬಳ, ರಜೆ, ಡ್ಯೂಟಿ ಸಮಯ ಎಲ್ಲವೂ ಮುಖ್ಯವೇ. ಆದರೆ ಅವು ದೇಶದಿಂದ ದೇಶಕ್ಕೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತವೆ. ಎಲ್ಲಿ ಹೋದರೂ ಬದಲಾಗದ ವಿಷಯ ಒಂದಿದೆ: ನೀವು ಮಾಡಿದ ಕೆಲಸದ ಫಲ ಎಷ್ಟು ಹೊತ್ತಿಗೆ ಕಾಣುತ್ತದೆ, ಅದನ್ನು ಯಾರು ನೋಡುತ್ತಾರೆ? ಅರಿವಳಿಕೆಯಲ್ಲಿ ಕೊಟ್ಟ ಔಷಧಿಯ ಫಲ ಸೆಕೆಂಡುಗಳಲ್ಲಿ ಕಾಣುತ್ತದೆ, ನೋಡುವವರು ಹೆಚ್ಚುಕಮ್ಮಿ ನೀವೊಬ್ಬರೇ. ಸರ್ಜರಿಯಲ್ಲಿ ಗಂಟೆಗಳು, ದಿನಗಳು ಬೇಕು, ಆದರೆ ಎಲ್ಲರೂ ನೋಡುತ್ತಾರೆ. ಎಮರ್ಜೆನ್ಸಿಯಲ್ಲಿ ಕಥೆಯ ಮೊದಲ ಭಾಗ ಮಾತ್ರ ನಿಮ್ಮದು, ಕೊನೆಗೆ ಏನಾಯಿತು ಅಂತ ಎಷ್ಟೋ ಸಲ ತಿಳಿಯುವುದೇ ಇಲ್ಲ. ಐಸಿಯುವಿನಲ್ಲಿ ದಿನಗಟ್ಟಲೆ ಕಾಯಬೇಕು, ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ. ಜನರಲ್ ಮೆಡಿಸಿನ್‌ನಲ್ಲಿ ತಿಂಗಳು, ವರ್ಷದ ಲೆಕ್ಕ. ಇವುಗಳಲ್ಲಿ ಯಾವುದು ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆ ಅನ್ನುವುದನ್ನು ಮೊದಲು ನೋಡಿ. ಮುಂದಿನ ಹೋಲಿಕೆಯೆಲ್ಲ ಅದರ ಮೇಲೇ ನಿಂತಿದೆ.

ಮೊದಲು, ಆ ಕೆಲಸ ಹೇಗಿರುತ್ತದೆ?

ಹತ್ತಿರದಿಂದ ನೋಡದೆ ಹೋಲಿಸಲು ಆಗುವುದಿಲ್ಲ. ಒಂದು ಸಾಮಾನ್ಯ ಆಪರೇಷನ್‌ನ ಮೊದಲ ಕೆಲವು ನಿಮಿಷ ತೆಗೆದುಕೊಳ್ಳಿ.

ರೋಗಿ ಟೇಬಲ್ ಮೇಲೆ ಮಲಗಿದ್ದಾರೆ. ಇಸಿಜಿ, ಬಿಪಿ ಪಟ್ಟಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಎಲ್ಲ ಹಾಕಿಯಾಗಿದೆ. ಮುಖಕ್ಕೆ ಮಾಸ್ಕ್ ಇಟ್ಟು ಸುಮಾರು 3 ನಿಮಿಷ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತೀರಿ. ಶ್ವಾಸಕೋಶದಲ್ಲಿದ್ದ ನೈಟ್ರೋಜನ್ ಹೊರಗೆ ಹೋಗಿ ಆ ಜಾಗದಲ್ಲಿ ಆಕ್ಸಿಜನ್ ತುಂಬಿಕೊಳ್ಳುತ್ತದೆ. ಉಸಿರು ನಿಂತ ಮೇಲೆ ನಿಮಗೆ ಸಿಗುವ ಸಮಯವೆಲ್ಲ ಇಲ್ಲಿಂದಲೇ ಬರಬೇಕು. ನಂತರ ಪ್ರಜ್ಞೆ ತಪ್ಪಿಸುವ ಬಿಳಿ ಬಣ್ಣದ ಔಷಧಿ ಪ್ರೊಪೊಫಾಲ್ ರಕ್ತನಾಳಕ್ಕೆ ಹೋಗುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಮಾತು ನಿಲ್ಲುತ್ತದೆ. ರೆಪ್ಪೆ ಮುಟ್ಟಿದರೂ ಅಲುಗುವುದಿಲ್ಲ. ಆಮೇಲೆ ಉಸಿರೂ ನಿಲ್ಲುತ್ತದೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲಂತೂ ಆ ವ್ಯಕ್ತಿ ತಾವಾಗಿ ಒಂದು ಉಸಿರನ್ನೂ ಎಳೆದುಕೊಳ್ಳಲಾರರು. ಈಗ ಉಸಿರಾಟ ಪೂರ್ತಿ ನಿಮ್ಮ ಕೈಯಲ್ಲಿರುವ ಬ್ಯಾಗ್‌ನ ಮೇಲೆ ನಿಂತಿದೆ. ಲ್ಯಾರಿಂಗೋಸ್ಕೋಪ್‌ನಿಂದ ನಾಲಿಗೆ ಸರಿಸಿ, ಧ್ವನಿತಂತುಗಳ ನಡುವೆ ಟ್ಯೂಬ್ ಇಳಿಸುತ್ತೀರಿ. ಟ್ಯೂಬ್ ಸರಿಯಾದ ಜಾಗಕ್ಕೆ ಹೋಗಿದೆ ಅಂತ ಖಾತ್ರಿ ಮಾಡುವುದು ಮಾನಿಟರ್ ಮೇಲಿನ ಕಾರ್ಬನ್ ಡೈಆಕ್ಸೈಡ್ ಅಲೆ. ಪ್ರತಿ ಉಸಿರಿಗೂ ಒಂದು ಅಲೆ ಬಿಡದೆ ಬರಬೇಕು. ಅಲೆಯೇ ಬರದಿದ್ದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ತಿಳಿದು ಮುಂದುವರಿಯಬೇಕು. "ಸರಿಯಾಗೇ ಹಾಕಿದೆನಲ್ಲ" ಎಂದು ವಾದ ಮಾಡುತ್ತಾ ನಿಲ್ಲುವಂತಿಲ್ಲ.

ಇಷ್ಟೂ ಹೊತ್ತು ಆಕ್ಸಿಮೀಟರ್ ಬೀಪ್ ಬೀಪ್ ಅನ್ನುತ್ತಿರುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಆ ಶಬ್ದದ ಸ್ವರವೂ ಇಳಿಯುತ್ತದೆ. 98 ಇದ್ದಾಗಿನ ಸ್ವರ ಬೇರೆ, 90 ಇದ್ದಾಗಿನದು ಬೇರೆ. ಅನುಭವಿಗಳು ಆ ಕಡೆ ತಿರುಗಿ ಸಿರಿಂಜ್ ತುಂಬುತ್ತಿದ್ದರೂ ಸ್ವರ ಒಂಚೂರು ಬಿದ್ದರೆ ತಟ್ಟನೆ ತಿರುಗಿ ನೋಡುತ್ತಾರೆ. ಒಲೆ ಮೇಲೆ ಹಾಲಿಟ್ಟು ಬೇರೆ ಕೆಲಸ ಮಾಡುವವರ ಗಮನ ಇರುತ್ತದಲ್ಲ, ಅಂಥದ್ದೇ ಗಮನ. ಅದನ್ನು ನಾಲ್ಕೈದು ಗಂಟೆ ಹಾಗೇ ಹಿಡಿದಿಟ್ಟುಕೊಳ್ಳಬೇಕು. ಹೊರಗಿನವರಿಗೆ "ಸುಮ್ನೆ ಕೂತಿದ್ದಾರೆ" ಅಂತ ಕಾಣುವುದು ಇದೇ ಹೊತ್ತಿನಲ್ಲಿ.

ಈ ಗಮನದ ಬೆಲೆ ಗೊತ್ತಾಗಬೇಕಾದರೆ ಹಿಂದಿನ ಅಂಕಿ ನೋಡಬೇಕು. 1954ರಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು 6 ಲಕ್ಷ ಅರಿವಳಿಕೆಗಳ ಅಧ್ಯಯನ ಪ್ರಕಟವಾಯಿತು. ಸುಮಾರು 1,560 ಅರಿವಳಿಕೆಗಳಿಗೆ ಒಂದು ಸಾವು, ಅದಕ್ಕೆ ಅರಿವಳಿಕೆಯೇ ಕಾರಣವಾಗಿತ್ತು ಅಥವಾ ಅದರ ಪಾಲಿತ್ತು. ಇವತ್ತು ಒಳ್ಳೆಯ ಸೌಲಭ್ಯವಿರುವ ಕಡೆ ಆರೋಗ್ಯವಂತ ರೋಗಿಗಳಲ್ಲಿ ಅದನ್ನು ಲಕ್ಷಕ್ಕೆ ಎಷ್ಟು ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಜಪಾನಿನ ಇಂಜಿನಿಯರ್ ಟಕುವೊ ಅಯೋಯಾಗಿ 1970ರ ದಶಕದಲ್ಲಿ ಪಲ್ಸ್ ಆಕ್ಸಿಮೀಟರ್‌ನ ತತ್ವ ಕಂಡುಹಿಡಿದದ್ದು, 1980ರ ದಶಕದಲ್ಲಿ ಮಾನಿಟರಿಂಗ್‌ಗೆ ನಿಯಮಗಳು ಬಂದದ್ದು, ಔಷಧಿಗಳು ಸುಧಾರಿಸಿದ್ದು, ತರಬೇತಿ ಬಿಗಿಯಾದದ್ದು ಎಲ್ಲ ಸೇರಿ ಇಲ್ಲಿಗೆ ತಂದಿವೆ. ವೈದ್ಯಕೀಯದಲ್ಲಿ ಸುರಕ್ಷತೆಯನ್ನು ಇಷ್ಟು ಹಟ ಹಿಡಿದು ಹೆಚ್ಚಿಸಿಕೊಂಡ ವಿಭಾಗಗಳು ಕಡಿಮೆ. ಈ ಪರಂಪರೆ ನನಗೆ ಬಹಳ ಹೆಮ್ಮೆಯದು.

ಇನ್ನು, ಕೆಲಸದ ದೊಡ್ಡ ಭಾಗ ಆಪರೇಷನ್‌ಗೆ ಮುಂಚೆಯೇ ನಡೆಯುತ್ತದೆ. "ಬಾಯಿ ಪೂರ್ತಿ ತೆರೆಯಿರಿ, ನಾಲಿಗೆ ಚಾಚಿ" ಅಂತ ಹೇಳಿ ಗಂಟಲು ಎಷ್ಟು ಕಾಣುತ್ತದೆ ಅಂತ ನೋಡುತ್ತೀರಿ. ಇದು 1985ರಲ್ಲಿ ಶೇಷಗಿರಿ ಮಲ್ಲಂಪಾಟಿ ಮತ್ತು ಸಂಗಡಿಗರು ಹೇಳಿಕೊಟ್ಟ ಪರೀಕ್ಷೆ, ಇವತ್ತಿಗೂ ಜಗತ್ತಿನ ಎಲ್ಲ ಕಡೆ ಮಾಡುತ್ತಾರೆ. ಕತ್ತು ಎಷ್ಟು ಬಗ್ಗುತ್ತದೆ, ಹಲ್ಲು ಅಲುಗಾಡುತ್ತಿದೆಯಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ ಎಲ್ಲ ಕೇಳಬೇಕು. ಹಗುರ ಊಟಕ್ಕೆ 6 ಗಂಟೆ, ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ ಅನ್ನುವ ಉಪವಾಸದ ನಿಯಮ ವಿವರಿಸಬೇಕು. ಹೆದರಿಕೊಂಡಿರುವ ಅಪರಿಚಿತರ ನಂಬಿಕೆಯನ್ನು ಹತ್ತೇ ನಿಮಿಷದಲ್ಲಿ ಗಳಿಸಬೇಕು. ರೋಗಿಗಳ ಜೊತೆ ಮಾತೇ ಇರಲ್ಲ ಅಂದುಕೊಂಡು ಈ ಕಡೆ ಬರುವವರು ಇದನ್ನು ಗಮನಿಸಿ. ಮಾತು ಕಡಿಮೆ ಹೊತ್ತು ಇರುತ್ತದೆ, ಅದರ ಭಾರ ಮಾತ್ರ ಜಾಸ್ತಿ.

ಸರ್ಜನ್ ಜೊತೆ ಹೋಲಿಸಿದರೆ

ಒಂದೇ ಕೋಣೆ, ಒಂದೇ ರೋಗಿ. ನಡುವೆ ಒಂದು ಬಟ್ಟೆಯ ಪರದೆ. ಆ ಕಡೆ ಅಂಗರಚನೆ, ಈ ಕಡೆ ಶರೀರಕ್ರಿಯೆ ಮತ್ತು ಔಷಧಿ. ಸರ್ಜನ್ ಕೈ ಇಟ್ಟಿರುವ ಜಾಗದ ಬಗ್ಗೆ ಯೋಚಿಸುತ್ತಾರೆ. ಅರಿವಳಿಕೆ ತಜ್ಞರು ಉಳಿದ ಇಡೀ ದೇಹದ ಬಗ್ಗೆ ಯೋಚಿಸುತ್ತಾರೆ: ಹೃದಯ, ಉಸಿರು, ಮೂತ್ರ, ಮೈ ಬಿಸಿ, ಸೋರಿದ ರಕ್ತ, ಎಚ್ಚರವಾದ ಮೇಲಿನ ನೋವು.

ನೀವು ಯಾವ ಕಡೆಯವರು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ದೊಡ್ಡ ಆಪರೇಷನ್ ಒಂದನ್ನು ನೋಡಿ ಹೊರಗೆ ಬಂದ ಮೇಲೆ ನಿಮ್ಮ ತಲೆಯಲ್ಲಿ ಯಾವ ಪ್ರಶ್ನೆ ಉಳಿದಿದೆ? "ಆ ರಕ್ತನಾಳವನ್ನು ಅಷ್ಟು ಚೆನ್ನಾಗಿ ಹೇಗೆ ಹೊಲಿದರು?" ಅನ್ನುವುದಾದರೆ ಸರ್ಜರಿ. "ಹೊಟ್ಟೆಗೆ ಗ್ಯಾಸ್ ತುಂಬಿದ ಕೂಡಲೇ ಪಲ್ಸ್ ಯಾಕೆ ಅಷ್ಟು ಇಳಿಯಿತು?" ಅನ್ನುವುದಾದರೆ ನೀವು ಈ ಕಡೆಯವರು. ಇದು ಜಾಣತನದ ಪ್ರಶ್ನೆಯಲ್ಲ, ಆಸಕ್ತಿಯ ದಿಕ್ಕು.

ಕೈಕೆಲಸ ಎರಡರಲ್ಲೂ ಇದೆ. ಆದರೆ ಅರಿವಳಿಕೆಯ ಕೈಕೆಲಸ ಚುಟುಕು. ರಕ್ತನಾಳಕ್ಕೆ ಕ್ಯಾನುಲಾ (ತೆಳು ಕೊಳವೆ), ಬೆನ್ನಿನ ಇಂಜೆಕ್ಷನ್, ಅಲ್ಟ್ರಾಸೌಂಡ್ ನೋಡುತ್ತಾ ನರದ ಸುತ್ತ ಔಷಧಿ ಬಿಡುವುದು, ಅಪಧಮನಿಗೆ ಲೈನ್ ಹಾಕುವುದು. ಬಹುತೇಕ ನಿಮಿಷಗಳ ಕೆಲಸ. ಗಂಟೆಗಟ್ಟಲೆ ಕೈಯಿಂದಲೇ ಏನನ್ನೋ ಕಟ್ಟುವ ಆಸೆ ಇದ್ದವರಿಗೆ ಇಷ್ಟರಿಂದ ತೃಪ್ತಿ ಆಗುವುದಿಲ್ಲ. ಅಂಥವರು ಸರ್ಜರಿಗೇ ಹೋಗಲಿ.

ಸರ್ಜನ್‌ಗೆ ರೋಗಿ "ನನ್ನ ರೋಗಿ". ಮೊದಲ ಭೇಟಿಯಿಂದ ಹೊಲಿಗೆ ಬಿಚ್ಚುವವರೆಗೆ, ಆಮೇಲೂ. ಖುಷಿ ಅವರದ್ದು, ಹತ್ತನೇ ದಿನ ಕಾಣಿಸಿಕೊಳ್ಳುವ ಸೋಂಕಿನ ಚಿಂತೆಯೂ ಅವರದ್ದು. ಅರಿವಳಿಕೆ ತಜ್ಞರು ಸಾಮಾನ್ಯವಾಗಿ ರೋಗಿಯನ್ನು ರಿಕವರಿಗೋ ಐಸಿಯುವಿಗೋ ಒಪ್ಪಿಸಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಬಹುದು. ಇದು ದೊಡ್ಡ ಅನುಕೂಲ. ಆದರೆ ಮನೆಗೆ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದು ಬಹಳ ಸಲ ನಿಮ್ಮ ಕೈಯಲ್ಲಿರುವುದಿಲ್ಲ. ಎರಡು ಗಂಟೆಯ ಆಪರೇಷನ್ ಐದು ಗಂಟೆ ಆದರೆ ನೀವೂ ಐದು ಗಂಟೆ ಅಲ್ಲೇ. "ಫಿಕ್ಸ್ಡ್ ಟೈಮಿಂಗ್" ಅಂತ ನಂಬಿ ಬಂದವರಿಗೆ ಮೊದಲ ವರ್ಷವೇ ಇದು ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಈ ಕೆಲಸದಲ್ಲಿ "ಇವತ್ತು ಬೇಡ" ಅಂತ ಹೇಳುವ ಧೈರ್ಯ ಬೇಕು. ರೋಗಿ ಬೆಳಗ್ಗೆ ಊಟ ಮಾಡಿ ಬಂದಿದ್ದಾರೆ, ಆಪರೇಷನ್ ತುರ್ತಿನದಲ್ಲ. ಪೊಟ್ಯಾಸಿಯಂ ಏರಿದೆ. ಮಗುವಿಗೆ ಜ್ವರ, ಎದೆಯಲ್ಲಿ ಗೊರಗೊರ. ಸರ್ಜನ್ ನಿಮಗಿಂತ ಹಿರಿಯರು, ಮನೆಯವರೆಲ್ಲ ರಜೆ ಹಾಕಿ ಬಂದಿದ್ದಾರೆ, ಇಡೀ ಆಪರೇಷನ್ ಥಿಯೇಟರ್ ಕಾಯುತ್ತಿದೆ. ಆಗ ದನಿ ಏರಿಸದೆ, ಹಟ ಅನ್ನಿಸದ ಹಾಗೆ, ಕಾರಣ ಹೇಳಿ ನಿಲ್ಲಿಸಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಸರ್ಜರಿ ಚೆಕ್‌ಲಿಸ್ಟ್ ಇದಕ್ಕೆ ಸ್ವಲ್ಪ ಬಲ ಕೊಟ್ಟಿದೆ. ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ, ಹೀಗೆ ಮೂರು ಕಡೆ ಎಲ್ಲರೂ ನಿಂತು ಖಾತ್ರಿ ಮಾಡಿಕೊಳ್ಳಬೇಕು. ಆದರೂ ಬಾಯಿ ಬಿಟ್ಟು ಹೇಳಬೇಕಾದವರು ನೀವೇ. ಯಾರ ಜೊತೆಯೂ ನಿಷ್ಠುರ ಕಟ್ಟಿಕೊಳ್ಳಲು ಆಗದ ಸ್ವಭಾವ ನಿಮ್ಮದಾದರೆ, ಕಲಿಯಲು ಆಗದ್ದೇನಲ್ಲ. ಆದರೆ ಕಲಿಯಲೇಬೇಕು.

ಹೆಸರಿನ ಮಾತಿಗೆ ಬಂದರೆ, ವರ್ಜೀನಿಯಾ ಆಪ್ಗಾರ್ ಅವರನ್ನು ನೆನೆಯದೆ ಇರಲಾರೆ. ಅಮೆರಿಕದ ಈಕೆ ಸರ್ಜರಿ ಕಲಿಯುತ್ತಿದ್ದರು. ಹೆಂಗಸರಿಗೆ ಸರ್ಜನ್ ಆಗಿ ನಿಲ್ಲುವುದು ಕಷ್ಟವಾಗಿದ್ದ ಆ ಕಾಲದಲ್ಲಿ, ಅವರ ಮುಖ್ಯಸ್ಥರೇ ಅರಿವಳಿಕೆಯ ಕಡೆ ಹೋಗಲು ಸಲಹೆ ಕೊಟ್ಟರು. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಾ, ಹುಟ್ಟಿದ ಮಗುವನ್ನು ಒಂದು ನಿಮಿಷದಲ್ಲಿ ಅಳೆಯುವ ಐದು ಅಂಶಗಳ ಸ್ಕೋರ್ ರೂಪಿಸಿ 1953ರಲ್ಲಿ ಪ್ರಕಟಿಸಿದರು. ಜಗತ್ತಿನಾದ್ಯಂತ ಹೆರಿಗೆ ಕೋಣೆಗಳಲ್ಲಿ ಇವತ್ತಿಗೂ ಬರೆಯುವ ಆಪ್ಗಾರ್ ಸ್ಕೋರ್ ಅದೇ.

ಎಮರ್ಜೆನ್ಸಿ ಮೆಡಿಸಿನ್ ಜೊತೆ

ಇವೆರಡರ ನಡುವೆ ಒದ್ದಾಡುವವರು ಬಹಳ ಜನ. ಸಹಜವೇ. ಉಸಿರಿನ ದಾರಿ ಹಿಡಿಯುವುದು, ಬಿದ್ದ ಬಿಪಿ ಎತ್ತುವುದು, ನಿಂತ ಹೃದಯವನ್ನು ಮತ್ತೆ ಶುರು ಮಾಡುವುದು ಎರಡೂ ಕಡೆ ಇದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನವನ್ನು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿ, ಇವತ್ತಿನ ಸಿಪಿಆರ್‌ಗೆ ರೂಪ ಕೊಟ್ಟವರಲ್ಲಿ ಮುಖ್ಯರಾದ ಪೀಟರ್ ಸಫಾರ್ ಅರಿವಳಿಕೆ ತಜ್ಞರೇ.

ವ್ಯತ್ಯಾಸ ಇರುವುದು ಗದ್ದಲದಲ್ಲಿ. ಎಮರ್ಜೆನ್ಸಿಯಲ್ಲಿ ಒಂದೇ ಹೊತ್ತಿಗೆ ಹತ್ತು ರೋಗಿಗಳು. ಯಾರಿಗೆ ಏನಾಗಿದೆ ಅಂತ ಗೊತ್ತಿಲ್ಲ. ಒಬ್ಬರನ್ನು ನೋಡುತ್ತಿರುವಾಗ ಇನ್ನೊಬ್ಬರು ಕರೆಯುತ್ತಾರೆ. ಅಲ್ಲಿನ ಮುಖ್ಯ ಕೌಶಲ ವಿಂಗಡಿಸುವುದು, ಅರೆಬರೆ ಮಾಹಿತಿಯಲ್ಲೇ ನಿರ್ಧಾರ ಮಾಡುವುದು. ಥಿಯೇಟರ್‌ನಲ್ಲಿ ನಿಮ್ಮ ಮುಂದೆ ಒಬ್ಬರೇ ರೋಗಿ ಇರುತ್ತಾರೆ. ಪೂರ್ತಿ ಗಮನ ಅವರಿಗೆ. ಮುಂದೆ ಏನೇನು ಆಗಬಹುದು ಅಂತ ಮೊದಲೇ ಯೋಚಿಸಿ, ಔಷಧಿ ತುಂಬಿ, ಲೇಬಲ್ ಹಚ್ಚಿ, ಎರಡನೇ ಮತ್ತು ಮೂರನೇ ದಾರಿಯನ್ನು ಸಿದ್ಧ ಮಾಡಿಟ್ಟುಕೊಳ್ಳುತ್ತೀರಿ. ತೊಂದರೆ ಬಂದಾಗ ಓಡಾಡುವುದಕ್ಕಿಂತ ಬರುವ ಮುಂಚೆಯೇ ತಡೆಯುವುದು ಇಷ್ಟವಾದರೆ ಅರಿವಳಿಕೆ. ಏನು ಬರುತ್ತದೋ ಗೊತ್ತಿಲ್ಲ ಅನ್ನುವುದೇ ನಿಮಗೆ ಹುರುಪು ಕೊಡುತ್ತದೆ ಅಂದರೆ ಎಮರ್ಜೆನ್ಸಿ. ಡ್ಯೂಟಿಯ ಲೆಕ್ಕದಲ್ಲಿ ಎಮರ್ಜೆನ್ಸಿ ಸ್ವಲ್ಪ ಮೇಲು. ಸಾಮಾನ್ಯವಾಗಿ ಶಿಫ್ಟ್ ಮುಗಿದರೆ ಮುಗಿಯಿತು. ಆದರೆ ಆ ಶಿಫ್ಟ್‌ನ ಒಳಗೆ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ.

ಐಸಿಯು: ಹತ್ತಿರದ ನೆಂಟ

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿತು. ಉಸಿರಾಟದ ಸ್ನಾಯುಗಳೇ ಸೋತು ಜನ ಸಾಯುತ್ತಿದ್ದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಅವರು ಥಿಯೇಟರ್‌ನಲ್ಲಿ ದಿನಾ ಮಾಡುತ್ತಿದ್ದುದನ್ನೇ ವಾರ್ಡಿನಲ್ಲಿ ಮಾಡಿದರು. 12 ವರ್ಷದ ಒಬ್ಬ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ಟ್ಯೂಬ್ ಹಾಕಿ, ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲು ರಾತ್ರಿ ಕೂತು ರೋಗಿಗಳಿಗೆ ಬ್ಯಾಗ್ ಒತ್ತಿದರು. ಸಾವಿನ ಪ್ರಮಾಣ ಬಹಳ ಇಳಿಯಿತು. ಇವತ್ತಿನ ಐಸಿಯು ಬೆಳೆದದ್ದು ಅಲ್ಲಿಂದ.

ಹಾಗಾಗಿ ಐಸಿಯು ಬೇಕು ಅನ್ನುವವರಿಗೆ ಅರಿವಳಿಕೆ ಒಳ್ಳೆಯ ಬಾಗಿಲು. ಎಷ್ಟೋ ದೇಶಗಳಲ್ಲಿ ಎರಡೂ ಒಂದೇ ತರಬೇತಿಯ ಭಾಗ, ಉಳಿದ ಕಡೆ ಮೇಲೊಂದು ಫೆಲೋಶಿಪ್ ಮಾಡಿ ಹೋಗಬಹುದು. ಜನರಲ್ ಮೆಡಿಸಿನ್ ಕಡೆಯಿಂದಲೂ ದಾರಿ ಇದೆ. ಆ ದಾರಿಯಲ್ಲಿ ಬಂದವರಿಗೆ ರೋಗ ಪತ್ತೆ ಮಾಡುವುದರಲ್ಲಿ ಹಿಡಿತ ಜಾಸ್ತಿ. ಅರಿವಳಿಕೆಯಿಂದ ಬಂದವರಿಗೆ ಉಸಿರಿನ ದಾರಿ, ವೆಂಟಿಲೇಟರ್, ರಕ್ತನಾಳದ ಲೈನ್‌ಗಳು ಕೈಗೆ ಹತ್ತಿರುತ್ತವೆ.

ಆದರೆ ಎರಡು ಕೆಲಸದ ಭಾರ ಒಂದೇ ಅಲ್ಲ. ಥಿಯೇಟರ್‌ನಲ್ಲಿ ಬಹುತೇಕ ರೋಗಿಗಳು ಎದ್ದು ಮಾತಾಡುತ್ತಾರೆ. ಐಸಿಯುವಿನಲ್ಲಿ ಹಲವರು ಏಳುವುದಿಲ್ಲ. ಹತ್ತು ದಿನ ಕಷ್ಟಪಟ್ಟ ಮೇಲೆ "ಇನ್ನು ನಮ್ಮ ಕೈಯಲ್ಲಿಲ್ಲ" ಅಂತ ಒಬ್ಬ ತಾಯಿಗೆ ಹೇಳಬೇಕಾಗುತ್ತದೆ. ಚಿಕಿತ್ಸೆ ಎಲ್ಲಿಯವರೆಗೆ ಅನ್ನುವ ಮಾತನ್ನು ಮನೆಯವರ ಜೊತೆ ನಿಧಾನವಾಗಿ, ಹಲವು ಸಲ ಆಡಬೇಕು. ಈ ಮಾತುಕತೆಗಳಲ್ಲೇ ತಮ್ಮ ಕೆಲಸದ ಅರ್ಥ ಕಂಡುಕೊಂಡವರನ್ನು ಬಲ್ಲೆ. ಅದರಿಂದಲೇ ಸೋತು ಥಿಯೇಟರ್‌ಗೆ ವಾಪಸ್ ಬಂದವರನ್ನೂ ಬಲ್ಲೆ. ಯಾವುದೂ ತಪ್ಪಲ್ಲ.

ಜನರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಬ್ಬರ ಸಕ್ಕರೆ ಕಾಯಿಲೆಯನ್ನು ಇಪ್ಪತ್ತು ವರ್ಷ ನೋಡಿಕೊಂಡು, ಅವರ ಮಕ್ಕಳ ಹೆಸರೂ ಗೊತ್ತಿರುವ ಡಾಕ್ಟರ್ ಆಗುವ ಆಸೆ ಇದ್ದರೆ ಅರಿವಳಿಕೆ ಅದನ್ನು ಕೊಡುವುದಿಲ್ಲ, ಮೆಡಿಸಿನ್‌ಗೆ ಹೋಗಿ. ರೇಡಿಯಾಲಜಿಯನ್ನು ಇದರ ಜೊತೆ ಹೋಲಿಸುವುದು "ಜೀವನ ಸುಖವಾಗಿರಬೇಕು" ಅನ್ನುವವರು. ಎರಡರ ಕೆಲಸದಲ್ಲಿ ಹೋಲಿಕೆಯೇ ಕಡಿಮೆ. ಸುಖ ಒಂದೇ ಅಳತೆಯಾದರೆ ಎರಡೂ ಬೇಸರ ತರಿಸುತ್ತವೆ.

ಡಾಕ್ಟರ್ ಆಗದೆಯೂ ಇಲ್ಲಿಗೆ ಬರಬಹುದು

ಇದನ್ನು ಓದುತ್ತಿರುವವರೆಲ್ಲ ವೈದ್ಯಕೀಯ ಓದುತ್ತಿರಬೇಕಿಲ್ಲ. ವೈದ್ಯಕೀಯ ಪದವಿ, ಆಮೇಲೆ ಸ್ಪೆಷಾಲಿಟಿ ತರಬೇತಿ ಅಂದರೆ ಉದ್ದದ ದಾರಿ. ಆ ಎರಡನೇ ಹಂತವೇ ಭಾರತದಲ್ಲಿ 3 ವರ್ಷದ ಎಂಡಿ, ಅಮೆರಿಕದಲ್ಲಿ 4 ವರ್ಷದ ರೆಸಿಡೆನ್ಸಿ, ಬ್ರಿಟನ್‌ನಲ್ಲಿ 7 ವರ್ಷ. ಹೃದಯ, ಮಕ್ಕಳು, ನೋವು ಅಂತ ಒಳಶಾಖೆ ಹಿಡಿದರೆ ಇನ್ನೂ ಒಂದೆರಡು ವರ್ಷ.

ಥಿಯೇಟರ್‌ನ ಈ ಕೆಲಸ ಇಷ್ಟ, ಅಷ್ಟು ವರ್ಷ ಬೇಡ ಅನ್ನುವವರಿಗೆ ಅನಸ್ತೇಶಿಯಾ ಟೆಕ್ನಾಲಜಿ ಕೋರ್ಸ್‌ಗಳಿವೆ. ಬೆಳಗ್ಗೆ ಮಷಿನ್ ಪರೀಕ್ಷೆ ಮಾಡಿ ಸೋರಿಕೆ ಇಲ್ಲ ಅಂತ ನೋಡುವುದು, ಟ್ಯೂಬ್ ಹಾಕಲು ಕಷ್ಟದ ಗಂಟಲಿಗೆ ಬೇಕಾದ ಉಪಕರಣಗಳನ್ನು ಕೈಗೆಟಕುವ ಹಾಗೆ ಇಡುವುದು, ಟ್ಯೂಬ್ ಹಾಕುವಾಗ ಪಕ್ಕದಲ್ಲಿ ನಿಂತು ನೆರವಾಗುವುದು ಇವರ ಕೆಲಸ. ಒಳ್ಳೆಯ ಟೆಕ್ನಿಶಿಯನ್ ಜೊತೆಗಿದ್ದರೆ ಅರಿವಳಿಕೆ ತಜ್ಞರ ಅರ್ಧ ಭಯ ಇಳಿಯುತ್ತದೆ. ಆದರೆ ಯಾವ ಔಷಧಿ, ಎಷ್ಟು, ಯಾವಾಗ ಅನ್ನುವ ನಿರ್ಧಾರ ಇವರದ್ದಲ್ಲ. ಅದು ನನಗೇ ಬೇಕು ಅಂತ ಒಳಗೊಳಗೆ ಅನ್ನಿಸುವವರು ಈ ದಾರಿಯಲ್ಲಿ ಕೆಲ ವರ್ಷಗಳಲ್ಲೇ ಚಡಪಡಿಸುತ್ತಾರೆ. ಅಮೆರಿಕದಂಥ ಕೆಲವು ದೇಶಗಳಲ್ಲಿ ನರ್ಸ್ ಅನಸ್ತೆಟಿಸ್ಟ್ ಅನ್ನುವ ಮಧ್ಯದ ದಾರಿ ಇದೆ. ಅಲ್ಲಿ ನರ್ಸಿಂಗ್ ಪದವಿಯ ಮೇಲೆ ಕನಿಷ್ಠ 1 ವರ್ಷ ಐಸಿಯುವಿನಂಥ ಕಡೆ ಕೆಲಸ ಮಾಡಿ, ನಂತರ ಸುಮಾರು 3 ವರ್ಷ ಓದಬೇಕು. ಎಲ್ಲ ದೇಶದಲ್ಲೂ ಈ ಹುದ್ದೆ ಇಲ್ಲ. ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀರೋ ಅಲ್ಲಿನ ನಿಯಮವನ್ನು ಮೊದಲು ನೋಡಿಕೊಳ್ಳಿ.

ಕಷ್ಟದ ಮಾತುಗಳು

ರಾತ್ರಿಗಳು ಇವೆ. ತುರ್ತು ಸಿಸೇರಿಯನ್ ಗಡಿಯಾರ ನೋಡಿ ಬರುವುದಿಲ್ಲ. ನಿದ್ದೆಗೆಟ್ಟ ಹೊತ್ತಿನಲ್ಲೇ ಅತಿ ಚುರುಕಾಗಿರಬೇಕು. ವಯಸ್ಸು ಐವತ್ತು ದಾಟಿದ ಮೇಲೆ ಇದು ದೇಹಕ್ಕೆ ಹೇಗೆ ತಟ್ಟುತ್ತದೆ ಅಂತ ಹಿರಿಯರನ್ನು ಕೇಳಿ, ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಎಲ್ಲ ಸರಿಯಾದಾಗ ಹೊಗಳಿಕೆ ನಿಮ್ಮ ತನಕ ಬರುವುದಿಲ್ಲ. ತಪ್ಪಾದರೆ ಮೊದಲ ಪ್ರಶ್ನೆ "ಅನಸ್ತೇಶಿಯಾ ಕೊಟ್ಟವರು ಯಾರು?" ಅನ್ನುವುದು. ಆರೋಗ್ಯವಾಗಿ ನಡೆದು ಬಂದ ಮನುಷ್ಯನಿಗೆ ಟೇಬಲ್ ಮೇಲೆ ಏನಾದರೂ ಆದರೆ ಆ ನೋವು ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಹೇಳಿಕೊಳ್ಳಲು ಒಂದು ತಂಡ ಇರಲೇಬೇಕು.

ಇನ್ನೊಂದು ಅಪಾಯವನ್ನು ಮುಚ್ಚಿಡಬಾರದು. ತೀವ್ರ ನೋವು ನಿವಾರಕ ಫೆಂಟನಿಲ್, ಪ್ರೊಪೊಫಾಲ್‌ನಂಥ ಔಷಧಿಗಳು ದಿನಾ ಕೈಯಲ್ಲೇ ಇರುತ್ತವೆ. ಒತ್ತಡ, ನಿದ್ರೆಯಿಲ್ಲದ ರಾತ್ರಿ, ಒಂಟಿತನ ಸೇರಿದಾಗ ಅವುಗಳ ಚಟಕ್ಕೆ ಬಿದ್ದು ಜೀವ ಕಳೆದುಕೊಂಡ ವೈದ್ಯರು ಈ ವೃತ್ತಿಯಲ್ಲಿದ್ದಾರೆ. ನಿಮಗೆ ಹಿಂದೆ ಯಾವುದಾದರೂ ಚಟದ ತೊಂದರೆ ಇದ್ದಿದ್ದರೆ ಈ ವಿಭಾಗ ಆರಿಸುವ ಮುಂಚೆ ನಂಬಿಕಸ್ಥ ವೈದ್ಯರೊಬ್ಬರ ಜೊತೆ ಮನಸ್ಸು ಬಿಚ್ಚಿ ಮಾತಾಡಿ. ನಾಚಿಕೆಪಡುವ ವಿಷಯ ಇದಲ್ಲ.

"ಮುಂದೆ ಎಲ್ಲ ಮಷಿನ್‌ಗಳೇ ಮಾಡುತ್ತವಂತೆ ಅಲ್ವಾ?" ಅಂತ ಕೇಳುವವರಿಗೆ ಒಂದು ಉದಾಹರಣೆ. ಸೆಡಾಸಿಸ್ ಅನ್ನುವ ಯಂತ್ರ ಪ್ರೊಪೊಫಾಲ್ ಅನ್ನು ತಾನೇ ಲೆಕ್ಕ ಹಾಕಿ ಕೊಡುತ್ತಿತ್ತು. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2016ರಲ್ಲಿ ಕಂಪನಿಯೇ ಅದರ ಮಾರಾಟ ನಿಲ್ಲಿಸಿತು. ಯಂತ್ರಗಳು ಬರುತ್ತವೆ, ಔಷಧಿ ಹರಿಸುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ರಕ್ತ ಕಾರುತ್ತಿರುವ ಗಂಟಲಿನಲ್ಲಿ ದಾರಿ ಹುಡುಕುವುದು, ಈ ರೋಗಿಗೆ ಈ ಆಪರೇಷನ್ ಇವತ್ತು ಬೇಕಾ ಅಂತ ತೂಗುವುದು ಬೇರೆ ಕೆಲಸ.

ಒಳಗೆ ಬಂದ ಮೇಲಿನ ದಾರಿಗಳು

ಅರಿವಳಿಕೆ ಅಂದರೆ ಒಂದೇ ಕೆಲಸವಲ್ಲ. ಹೃದಯದ ಅರಿವಳಿಕೆಯಲ್ಲಿ ಅನ್ನನಾಳದೊಳಗಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡುತ್ತಾ ಸರ್ಜನ್ ಜೊತೆ ಸರಿಸಮವಾಗಿ ನಿರ್ಧಾರ ಮಾಡುತ್ತೀರಿ. ಮಕ್ಕಳ ಅರಿವಳಿಕೆಯಲ್ಲಿ ಪ್ರತಿ ಔಷಧಿಯೂ ತೂಕದ ಲೆಕ್ಕ. ನವಜಾತ ಶಿಶುವಿಗೆ ಕಿಲೋಗೆ ಬೇಕಾದ ಆಕ್ಸಿಜನ್ ದೊಡ್ಡವರ ಸುಮಾರು ಎರಡರಷ್ಟು, ಹಾಗಾಗಿ ಉಸಿರು ನಿಂತರೆ ಸಿಗುವ ಸಮಯ ತೀರಾ ಕಡಿಮೆ. ನೋವಿನ ಕ್ಲಿನಿಕ್ ಮತ್ತು ಉಪಶಾಮಕ ಆರೈಕೆ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ರೋಗಿ ತಿಂಗಳುಗಟ್ಟಲೆ ಬರುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ರೋಗಿಗಳ ಜೊತೆ ಸಂಬಂಧ ಬೇಕು ಅನ್ನುವವರಿಗೆ ಈ ಬಾಗಿಲು ತೆರೆದಿದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ನನಗೆ ಬಹಳ ಇಷ್ಟವಾದದ್ದು ಹೆರಿಗೆಯ ಅರಿವಳಿಕೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದೀರಿ. ಜರ್ಮನಿಯ ಔಗುಸ್ಟ್ ಬಿಯರ್ 1898ರಲ್ಲಿ ಶುರು ಮಾಡಿದ ವಿಧಾನ ಇದು. ತಾಯಿ ಎಚ್ಚರವಾಗಿದ್ದಾರೆ. ಕಾಲು ಬೆಚ್ಚಗಾಗುತ್ತಿದೆ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ "ಡಾಕ್ಟ್ರೇ, ಹೊಟ್ಟೆ ತೊಳಸಿದ ಹಾಗಾಗ್ತಿದೆ" ಅನ್ನುತ್ತಾರೆ. ಬಿಪಿ ಪಟ್ಟಿ ಇನ್ನೂ ಉಬ್ಬುತ್ತಲೇ ಇದೆ, ಅಂಕಿ ಬಂದಿಲ್ಲ. ಆದರೆ ಬಿಪಿ ಬಿದ್ದಿರಬೇಕು ಅಂತ ಆ ಮಾತಿನಿಂದಲೇ ಅಂದಾಜಾಗುತ್ತದೆ. ಪಲ್ಸ್ ನೋಡಿ, ಸಿದ್ಧವಾಗಿಟ್ಟ ಫಿನೈಲೆಫ್ರಿನ್, ಅಂದರೆ ಬಿಪಿ ಏರಿಸುವ ಔಷಧಿ, ಸ್ವಲ್ಪ ಕೊಡುತ್ತೀರಿ. ಒಂದು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬರುತ್ತದೆ. "ಈಗ ಸರಿ ಹೋಯ್ತು" ಅನ್ನುತ್ತಾರೆ. ಪರದೆಯ ಆ ಕಡೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇದನ್ನು ಓದಿ ನಿಮಗೆ "ಇಷ್ಟೇನಾ?" ಅನ್ನಿಸಿತಾ, "ಆಹಾ" ಅನ್ನಿಸಿತಾ ಅನ್ನುವುದನ್ನು ಗಮನಿಸಿ. ನನ್ನ ಮಟ್ಟಿಗೆ ಇದು ಯಾವ ಎಂಟ್ರೆನ್ಸ್ ರ‍್ಯಾಂಕ್‌ಗಿಂತಲೂ ನಂಬಬಹುದಾದ ಸೂಚನೆ.

ನಿರ್ಧಾರಕ್ಕೆ ಮುಂಚೆ

ಥಿಯೇಟರ್‌ಗೆ ಹೋದಾಗ ಆಪರೇಷನ್ ನೋಡಬೇಡಿ. ರೋಗಿಯ ತಲೆಯ ಹತ್ತಿರ ನಿಲ್ಲಿ, ಒಂದು ಇಡೀ ಕೇಸ್ ಶುರುವಿನಿಂದ ಕೊನೆಯವರೆಗೆ. ಶುರುವಿನ ರೋಮಾಂಚನ ಎಲ್ಲರಿಗೂ ಇಷ್ಟವಾಗುತ್ತದೆ. ಮೂರನೇ ಗಂಟೆಯಲ್ಲಿ, ಏನೂ ಆಗದಿರುವಾಗ, ನಿಮ್ಮ ಮನಸ್ಸು ಎಲ್ಲಿದೆ ಅಂತ ನೋಡಿಕೊಳ್ಳಿ. ಅರಿವಳಿಕೆ ಪೂರ್ವ ತಪಾಸಣೆಯ ಕ್ಲಿನಿಕ್‌ನಲ್ಲಿ ಒಂದು ದಿನ ಕೂರಿ. ಒಂದು ರಾತ್ರಿ ಡ್ಯೂಟಿ ಪೂರ್ತಿ ಇರಿ. ಸರ್ಜರಿ ಮತ್ತು ಎಮರ್ಜೆನ್ಸಿಯಲ್ಲೂ ಇದನ್ನೇ ಮಾಡಿ, ಇಲ್ಲದಿದ್ದರೆ ಅದು ಹೋಲಿಕೆ ಆಗುವುದಿಲ್ಲ.

ಇಷ್ಟು ಮಾಡಿಯೂ ಅರಿವಳಿಕೆ ಮತ್ತು ಐಸಿಯು ನಡುವೆ ತೀರ್ಮಾನ ಆಗದಿದ್ದರೆ ಅರಿವಳಿಕೆಯನ್ನೇ ಮೊದಲು ಹಿಡಿಯಿರಿ, ಅಲ್ಲಿಂದ ಇಲ್ಲಿಗೆ ಬರುವುದಕ್ಕಿಂತ ಇಲ್ಲಿಂದ ಅಲ್ಲಿಗೆ ಹೋಗುವುದು ಸುಲಭ. ಸರ್ಜರಿ ಮತ್ತು ಅರಿವಳಿಕೆ ನಡುವೆ ಆಗದಿದ್ದರೆ ಇನ್ನೂ ಸ್ವಲ್ಪ ಕಾಲ ಎರಡೂ ಕಡೆ ಕೆಲಸ ಮಾಡಿ ನೋಡಿ. ಅಲ್ಲಿ ದಾರಿ ಬದಲಿಸಿದರೆ ವರ್ಷಗಳು ಹೋಗುತ್ತವೆ.

ತರಬೇತಿಗೆ ಜಾಗ ಆರಿಸುವಾಗ ಆಸ್ಪತ್ರೆಯ ಹೆಸರಿಗಿಂತ ಅಲ್ಲಿ ಈಗ ಕಲಿಯುತ್ತಿರುವವರನ್ನು ಕೇಳಿ. ಮಕ್ಕಳ ಕೇಸ್, ಹೃದಯದ ಕೇಸ್ ಕೈಗೆ ಸಿಗುತ್ತವಾ? ನರದ ಬ್ಲಾಕ್‌ಗಳನ್ನು ನೀವೇ ಮಾಡಲು ಬಿಡುತ್ತಾರಾ? ಕಾರ್ಬನ್ ಡೈಆಕ್ಸೈಡ್ ಮಾನಿಟರ್ ಪ್ರತಿ ಟೇಬಲ್‌ನಲ್ಲೂ ಇದೆಯಾ? ರಾತ್ರಿ ಎರಡು ಗಂಟೆಗೆ ಕಷ್ಟದ ಗಂಟಲು ಎದುರಾಗಿ ಫೋನ್ ಮಾಡಿದರೆ ಸೀನಿಯರ್ ಎದ್ದು ಬರುತ್ತಾರಾ, ಫೋನ್‌ನಲ್ಲೇ ಹೇಳಿ ಮುಗಿಸುತ್ತಾರಾ? ಕೊನೆಯ ಪ್ರಶ್ನೆಗೆ ಉತ್ತರ ಸರಿ ಬರದಿದ್ದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಬೇರೆ ಜಾಗ ನೋಡಿ.